ದಸರಾಕ್ಕೆ ಗಡಿಗೆ ಕಟ್ಟಬೇಕಾದರೆ ಶ್ರಾವಣದಲ್ಲೇ ಕೆಲಸ ಶುರುವಾಗಬೇಕು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮನೆ ಕಲಬುರಗಿಯಲ್ಲಿದೆ. ಮಾಳಿಗೆ ಮೇಲೆ 12 ಅಡಿ ಉದ್ದ, 8 ಅಡಿ ಅಗಲದ ಜಾಳಿ ಶೆಡ್ ಮಾಡಿಸಿ ಹಕ್ಕಿ ಸಾಕಿದ್ದೇನೆ. ಆರು ಜೋಡಿ ಬಡ್ಜಿ (ಪುಟ್ಟ ಸಾಕು ಗಿಳಿ), ಎರಡು ಜೋಡಿ ಕಾಕಟೀಲ್ (ಜುಟ್ಟಿನ ಗಿಳಿ), ಒಂದಷ್ಟು ಜೀಬ್ರಾ ಫಿಂಚ್ (ಗುಬ್ಬಿಗಿಂತ ಚಿಕ್ಕ ಕಾಳುಹಕ್ಕಿ) ಇವೆ. ಎಲ್ಲವೂ ಒಂದೇ ಕಡೆ. ಮೇಲೆ ತಗಡು, ಕೆಳಗೆ ಶಹಾಬಾದ್ ಫರ್ಸಿ. ಗೂಡಿಗೆಂದು ಕಟ್ಟಿದ ಗಡಿಗೆಗಳು ವರ್ಷಪೂರ್ತಿ ಕಟ್ಟೇ ಇರುತ್ತವೆ. ಈ ಸಲ ಯುಗಾದಿ ಆಸುಪಾಸು ಇಟ್ಟ ತತ್ತಿಗಳು ಬಹುತೇಕ ಕೆಟ್ಟವು, ಎರಡು ಗಡಿಗೆಯಲ್ಲಿ ಮರಿಗಳು ಸತ್ತವು, ಒಂದು ಹೆಣ್ಣು ಬಡ್ಜಿ ತತ್ತಿ ಹಾಕಲಾರದೆ ಹೋಯಿತು. ದಸರಾ ಹೊತ್ತಿಗೆ ಮತ್ತೆ ಮರಿ ಮಾಡಿಸಬೇಕು ಅಂತಿದ್ದೇನೆ. ಈಗಿನಿಂದ ಏನೇನು ತಯಾರಿ ಬೇಕು? ಗಡಿಗೆ ಒಳ್ಳೆಯದೋ ಕಟ್ಟಿಗೆ ಪೆಟ್ಟಿಗೆಯೋ? ಶೆಡ್ಡಿನಲ್ಲಿ ಎರಡು ಊರ ಗಿಳಿಗಳೂ ಇವೆ, ಅವಕ್ಕೂ ಗೂಡು ಇಡಬೇಕಾ?

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ. ಗಡಿಗೆಗಳು ವರ್ಷಪೂರ್ತಿ ಕಟ್ಟೇ ಇರುತ್ತವೆ ಅಂದಿರಲ್ಲ, ಮೊದಲು ಅವನ್ನು ಇಳಿಸಿ. ಇವತ್ತೇ ಇಳಿಸಿ. ಯಾವುದರಲ್ಲಾದರೂ ಮರಿ ಇದ್ದರೆ ಅದು ಹೊರಗೆ ಬಂದು ತಾನೇ ಕಾಳು ಒಡೆದು ತಿನ್ನುವವರೆಗೆ ಆ ಒಂದು ಗಡಿಗೆ ಇರಲಿ, ಉಳಿದದ್ದೆಲ್ಲ ಕೆಳಗೆ ಬರಲಿ. ಮರಿ ಮಾಡಿಸುವ ತಯಾರಿಯಲ್ಲಿ ಗಡಿಗೆ ಕಟ್ಟುವುದು ಕೊನೆಯ ಕೆಲಸ. ನಮ್ಮಲ್ಲಿ ಬಹಳ ಮಂದಿ ಅದನ್ನೇ ಮೊದಲ ಕೆಲಸ ಮಾಡಿಕೊಳ್ಳುತ್ತಾರೆ, ಆಮೇಲೆ ಔಷಧಿ ಹುಡುಕಿಕೊಂಡು ಓಡಾಡುತ್ತಾರೆ.

ಬಡ್ಜಿ, ಕಾಕಟೀಲ್, ಜೀಬ್ರಾ ಫಿಂಚ್ ಮೂರೂ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿಗಳು. ಅಲ್ಲಿ ಮಳೆಗೆ ತಿಥಿ ವಾರ ಇಲ್ಲ. ಮಳೆ ಬಿದ್ದು, ಹುಲ್ಲು ಎದ್ದು, ತೆನೆಯಲ್ಲಿ ಹಾಲುಗಾಳು ತುಂಬಿದಾಗ ಅವು ಹಿಂಡು ಹಿಂಡಾಗಿ ಬಂದು ಗೂಡು ಹಿಡಿಯುತ್ತವೆ. ಕಾಳು ಮುಗಿದು ನೀರು ಬತ್ತಿತೋ, ಎಲ್ಲ ನಿಲ್ಲಿಸಿ ಬೇರೆ ಕಡೆ ಹಾರುತ್ತವೆ. ನಿಮ್ಮ ಶೆಡ್ಡಿನಲ್ಲಿ ಕಾಳು ಮುಗಿಯುವುದಿಲ್ಲ, ನೀರು ಬತ್ತುವುದಿಲ್ಲ, ಪೊಟರೆಯಂಥ ಗಡಿಗೆ ಸದಾ ಕಣ್ಣೆದುರಿಗೇ ಇರುತ್ತದೆ. ಹಾಗಾಗಿ ಇನ್ನು ಸಾಕು ಅನ್ನುವ ಸೂಚನೆ ಆ ಮೈಗೆ ಯಾವತ್ತೂ ಸಿಗುವುದೇ ಇಲ್ಲ. ಹೆಣ್ಣು ಒಂದರ ಹಿಂದೊಂದು ಸುತ್ತು ತತ್ತಿ ಇಡುತ್ತಲೇ ಹೋಗುತ್ತದೆ. ಮೇವಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಚಿಪ್ಪು ಕಟ್ಟಲು ತನ್ನ ಎಲುಬಿನೊಳಗಿನದ್ದನ್ನೇ ಕರಗಿಸಿ ಕೊಡುತ್ತದೆ. ಅದೂ ಖಾಲಿಯಾದ ದಿನ ತತ್ತಿ ಒಳಗೇ ಸಿಕ್ಕಿಕೊಳ್ಳುತ್ತದೆ, ಯಾಕೆಂದರೆ ತತ್ತಿಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಅದೇ ಕ್ಯಾಲ್ಸಿಯಂ ಬೇಕು. ನಿಮ್ಮ ಹೆಣ್ಣು ಬಡ್ಜಿ ಬಹುಶಃ ಹೀಗೆಯೇ ಹೋಗಿದೆ.

ಯುಗಾದಿ ಹೊತ್ತಿನ ತತ್ತಿಗಳು ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ತಾಯಿ ಕಾವು ಕೂತಾಗ ತತ್ತಿಗೆ ಸಿಗುವುದು ಸುಮಾರು 37 ಡಿಗ್ರಿ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 42–43 ಡಿಗ್ರಿ ಆಗುತ್ತದೆ. ಮೇಲೆ ತಗಡು, ಕೆಳಗೆ ಕಾದ ಫರ್ಸಿ, ನಡುವೆ ಗಾಳಿಯಾಡದ ಗಡಿಗೆ ಅಂದಮೇಲೆ ಒಳಗೆ ಇನ್ನೂ ಹೆಚ್ಚು. 40 ದಾಟಿದ ಬಿಸಿಯಲ್ಲಿ ಕೆಲವು ಗಂಟೆ ಇದ್ದರೂ ತತ್ತಿಯೊಳಗಿನ ಜೀವ ಉಳಿಯುವುದು ಕಷ್ಟ. ತಾಯಿ ಬಾಯಿ ತೆರೆದು ಏದುಸಿರು ಬಿಡುತ್ತಾ ಹೊರಗೆ ಬಂದು ಕೂಡುತ್ತದೆ, ಪುಕ್ಕವಿಲ್ಲದ ಮರಿಗೆ ಎಲ್ಲಿಗೂ ಹೋಗಲು ದಾರಿಯಿಲ್ಲ. ಪ್ರತಿ ವರ್ಷ ಏಪ್ರಿಲ್ ಮುಗಿಯುವಷ್ಟರಲ್ಲಿ ಡಬ್ಬಿಯಲ್ಲಿ ಸತ್ತ ಮರಿ ತಂದು, ಏನು ರೋಗ ನೋಡ್ರಿ ಅಂತ ಕೇಳುವವರು ಬರುತ್ತಾರೆ. ಮರಿಯ ಚರ್ಮ ಒಣಗಿ ಕೆಂಪಾಗಿ ಎಲುಬಿಗೆ ಅಂಟಿಕೊಂಡಿರುತ್ತದೆ. ಹೆಚ್ಚಿನ ಸಲ ಅಲ್ಲಿ ರೋಗವೇ ಇರುವುದಿಲ್ಲ. ನೀರಿಲ್ಲದೆ, ಕಾವು ತಡೆಯದೆ ಸತ್ತಿರುತ್ತದೆ.

ಆದ್ದರಿಂದ ಕಲಬುರಗಿ, ಯಾದಗಿರಿ ಕಡೆಯವರಿಗೆ ನಾನು ಹೇಳುವ ಲೆಕ್ಕ ಒಂದೇ: ದಸರಾಕ್ಕೆ ಗಡಿಗೆ ಕಟ್ಟಿ, ಶಿವರಾತ್ರಿಗೆ ಇಳಿಸಿ. ಬಡ್ಜಿಗೆ ಗೂಡು ಕೊಟ್ಟ ಮೇಲೆ ಮೊದಲ ತತ್ತಿಗೆ ಸಾಮಾನ್ಯವಾಗಿ ಹತ್ತು–ಹನ್ನೆರಡು ದಿನ. ಆಮೇಲೆ ದಿನ ಬಿಟ್ಟು ದಿನ ಒಂದೊಂದರಂತೆ ನಾಲ್ಕರಿಂದ ಆರು ತತ್ತಿ. ಪ್ರತಿ ತತ್ತಿಗೆ 18 ದಿನದ ಕಾವು. ಮರಿ ಗೂಡು ಬಿಡಲು 30–35 ದಿನ, ಹೊರಬಂದ ಮೇಲೂ ಒಂದು ವಾರ ತಂದೆ ಗುಟುಕು ಕೊಡಬೇಕು. ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡು ತಿಂಗಳು ಅಂತಿಟ್ಟುಕೊಳ್ಳಿ. ಅಕ್ಟೋಬರ್ ನಡುವಿನಿಂದ ಫೆಬ್ರುವರಿ ಕೊನೆಗೆ ಎರಡು ಸುತ್ತು ಆರಾಮಾಗಿ ಮುಗಿಯುತ್ತವೆ. ಕಾಕಟೀಲಿಗೆ ಕಾವು 18ರಿಂದ 21 ದಿನ, ಮರಿ ನಾಲ್ಕೈದು ವಾರಕ್ಕೆ ಹೊರಗೆ ಬರುತ್ತದೆ, ಅದಕ್ಕೂ ಎರಡೇ ಸುತ್ತು. ಫಿಂಚಿನ ಮರಿ 12–14 ದಿನಕ್ಕೆ ಒಡೆದು, ಇನ್ನು ಮೂರು ವಾರಕ್ಕೆ ಗೂಡು ಬಿಡುವುದರಿಂದ ಮೂರನೆಯ ಸುತ್ತಿಗೂ ಸಮಯ ಸಿಗುತ್ತದೆ. ಮೂರಕ್ಕಿಂತ ಹೆಚ್ಚು ಬೇಡ. ಮಳೆಗಾಲದ ನಡುವೆಯೇ ಶುರು ಮಾಡಬಾರದೇಕೆ ಅಂತ ಕೆಲವರು ಕೇಳುತ್ತಾರೆ. ಮಾಡಬಹುದು, ಹಕ್ಕಿಗೂ ಮನಸ್ಸಿರುತ್ತದೆ. ಆದರೆ ಬೇಸಿಗೆಯಲ್ಲಿ ಬಸವಳಿದ ಮೈಗೆ ಪುಕ್ಕ ಉದುರಿಸಿ ಹೊಸದು ಹಾಕಿಕೊಳ್ಳಲು ಒಂದೆರಡು ತಿಂಗಳು ಬೇಕು. ತೇವಕ್ಕೆ ಕಾಳಿನಲ್ಲಿ ಬೂಷ್ಟು ಹಿಡಿಯುವ ಕಾಲವೂ ಅದೇ. ನಿಮ್ಮ ಹಕ್ಕಿಗಳು ಈ ಯುಗಾದಿಗೆ ಪಟ್ಟ ಪಾಡು ನೋಡಿದರೆ ಅವಕ್ಕೆ ಈ ಎರಡು ತಿಂಗಳ ವಿಶ್ರಾಂತಿ ಬೇಕೇ ಬೇಕು.

ಈಗ ಶ್ರಾವಣ. ಕೈಯಲ್ಲಿ ಎಂಟು ವಾರ ಇದೆ.

ಮೊದಲು ಶೆಡ್ಡನ್ನು ಜಾಳಿ ಹಾಕಿ ಭಾಗ ಮಾಡಿಸಿ. ಮೂರು ಜಾತಿ ಒಟ್ಟಿಗೆ ಇರುವುದು ನೋಡಲು ಚೆಂದ, ಮರಿ ಮಾಡಿಸುವಾಗ ಆಪತ್ತು. ಬಡ್ಜಿ ಹೆಣ್ಣು ಗೂಡಿನ ವಿಷಯದಲ್ಲಿ ಬಹಳ ಜಗಳಗಂಟಿ. ಫಿಂಚಿನ ಕಡ್ಡಿಯಂಥ ಕಾಲನ್ನು ಒಂದೇ ಕಚ್ಚಿಗೆ ಮುರಿಯುತ್ತದೆ. ಕಾಕಟೀಲ್ ಮೈಯಲ್ಲಿ ದೊಡ್ಡದಾದರೂ ಸ್ವಭಾವ ಸೌಮ್ಯ, ಬಡ್ಜಿಗೆ ತನ್ನ ಗೂಡು ಬಿಟ್ಟುಕೊಟ್ಟು ಮೂಲೆ ಸೇರುತ್ತದೆ. ಮೂರು ಭಾಗ ಮಾಡಿಸಿ, ನಡುವಿನ ಜಾಳಿ ಎರಡು ಪದರ ಇರಲಿ, ಪದರಗಳ ನಡುವೆ ಎರಡು ಇಂಚು ಅಂತರ ಇರಲಿ. ಒಂದೇ ಪದರ ಹಾಕಿದರೆ ಜಾಳಿಗೆ ಜೋತುಬಿದ್ದ ಹಕ್ಕಿಯ ಬೆರಳನ್ನು ಆಚೆಯದ್ದು ಕಡಿಯುತ್ತದೆ. ಜಾಳಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದು ಬೇಡ, ಇಲಿಮರಿ ನುಗ್ಗುತ್ತದೆ.

ಸಾಧ್ಯವಾದರೆ ಈ ಎಂಟು ವಾರ ಬಡ್ಜಿಗಳಲ್ಲಿ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಇರಲಿ. ದನಿ ಕೇಳಲಿ, ಜೊತೆ ಬೇಡ. ದೊಡ್ಡ ಬಡ್ಜಿಯನ್ನು ಗುರುತಿಸುವುದು ಸುಲಭ: ಕೊಕ್ಕಿನ ಮೇಲಿನ ಮೂಗಿನ ದಿಂಡು ಗಂಡಿಗೆ ನೀಲಿ, ಹೆಣ್ಣಿಗೆ ಬಿಳಿಚು ಅಥವಾ ಕಂದು. ಬಿಳಿ, ಹಳದಿ ಬಣ್ಣದ ಕೆಲವು ತಳಿಗಳಲ್ಲಿ ಗಂಡಿಗೂ ಗುಲಾಬಿಯೇ ಇರುತ್ತದೆ, ಅಲ್ಲಿ ಎಚ್ಚರ. ಬೂದು ಕಾಕಟೀಲಿನಲ್ಲಿ ಗಂಡಿನ ಮುಖ ಹಳದಿ, ಹೆಣ್ಣಿನ ಬಾಲದ ಅಡಿಯಲ್ಲಿ ಅಡ್ಡಪಟ್ಟಿ. ಫಿಂಚಿನಲ್ಲಿ ಕೆನ್ನೆಯ ಕಿತ್ತಳೆ ಮಚ್ಚೆ ಗಂಡಿನದು. ಯಾವುದಕ್ಕೂ ಜೋಡಿ ಸಿಗದೆ ಉಳಿದ ಒಂಟಿ ಹೆಣ್ಣು ಬಡ್ಜಿ ಇದ್ದರೆ ಅದನ್ನು ಗೂಡು ಕಟ್ಟುವ ಭಾಗಕ್ಕೆ ಬಿಡಲೇಬೇಡಿ. ಬೇರೆಯವರ ಗೂಡಿಗೆ ನುಗ್ಗಿ ತತ್ತಿ ಒಡೆಯುವುದು, ಮರಿ ಕೊಲ್ಲುವುದು ಹೆಚ್ಚಾಗಿ ಇಂಥದ್ದೇ.

ಹಕ್ಕಿಗಳನ್ನು ಬೇರೆ ಮಾಡುವ ದಿನ ಒಂದೊಂದನ್ನೂ ಕೈಗೆ ತೆಗೆದುಕೊಂಡು ನೋಡಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಹಕ್ಕಿಯ ಬೆನ್ನು ನಿಮ್ಮ ಅಂಗೈಗೆ ತಾಗಿರಲಿ, ತಲೆ ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿರಲಿ. ಎದೆಯನ್ನು ಒತ್ತಬೇಡಿ, ಎದೆ ಆಡದಿದ್ದರೆ ಹಕ್ಕಿಗೆ ಉಸಿರಾಡಲು ಆಗುವುದಿಲ್ಲ. ಇನ್ನೊಂದು ಕೈಯ ಬೆರಳ ತುದಿಯಿಂದ ಎದೆಯ ನಡುವಿನ ಎಲುಬನ್ನು ಮೇಲಿನಿಂದ ಕೆಳಕ್ಕೆ ಸವರಿ. ಎಲುಬು ಕತ್ತಿಯ ಅಲಗಿನಂತೆ ಚುಚ್ಚಿ, ಎರಡೂ ಬದಿ ತಗ್ಗು ಬಿದ್ದಿದ್ದರೆ ಹಕ್ಕಿ ಬಡಕಲಾಗಿದೆ. ಎಲುಬು ಸಿಗುವುದೇ ಇಲ್ಲ, ಎದೆ ನಡುವೆ ಗೆರೆ ಬಿದ್ದಂತೆ ಎರಡು ದಿಬ್ಬ ಇದೆ ಅಂದರೆ ಕೊಬ್ಬಿದೆ. ಎಲುಬು ಬೆರಳಿಗೆ ಸಿಗಬೇಕು, ಅಕ್ಕಪಕ್ಕ ಮಾಂಸ ಮಟ್ಟವಾಗಿ ತುಂಬಿರಬೇಕು. ಹೊಟ್ಟೆಯ ಕೆಳಗಿನ ಪುಕ್ಕವನ್ನು ಉಸಿರಿನಿಂದ ಊದಿ ನೋಡಿ. ಚರ್ಮದ ಅಡಿಯಲ್ಲಿ ಹಳದಿ ಕೊಬ್ಬು ಕಂಡರೆ ಆ ಹೆಣ್ಣಿಗೆ ತತ್ತಿ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿಯಲ್ಲಿಟ್ಟು ತೂಗಿ ಬರೆದಿಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ಬಡ್ಜಿ 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ ಇರುತ್ತದೆ. ವಾರಕ್ಕೊಮ್ಮೆ ತೂಗಿದರೆ ರೋಗ ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಯಲ್ಲಿ ಕಾಣುತ್ತದೆ.

ಹಿಕ್ಕೆ ಹತ್ತುವ ಜಾಗದ ಪುಕ್ಕ ಮೆತ್ತಿಕೊಂಡಿದೆಯೇ, ಮೂಗಿನ ಮೇಲೆ ಕಲೆ ಇದೆಯೇ, ಉಸಿರಿಗೆ ಬಾಲ ಜಗ್ಗುತ್ತದೆಯೇ ನೋಡಿ. ಬಡ್ಜಿಯ ಕೊಕ್ಕಿನ ಸುತ್ತ, ಕಾಲಿನ ಮೇಲೆ ಸುಣ್ಣ ಸುರಿದಂತೆ ಬೆಳ್ಳಗೆ ಹೊಪ್ಪಳಿಕೆ ಕಟ್ಟಿದ್ದರೆ ಅದು ಕಜ್ಜಿ ಮಾಡುವ ಒಂದು ಜಾತಿಯ ನುಸಿ. ಎಣ್ಣೆ ಹಚ್ಚಿ ಸುಮ್ಮನಾಗಬೇಡಿ, ಪಶುವೈದ್ಯರಲ್ಲಿ ತೋರಿಸಿದರೆ ಕುತ್ತಿಗೆಯ ಚರ್ಮದ ಮೇಲೆ ಒಂದು ಹನಿ ಔಷಧಿಯಲ್ಲಿ ಹತೋಟಿಗೆ ಬರುತ್ತದೆ. ಜಂತುಹುಳದ ಔಷಧಿಯೂ ಈಗಲೇ ಆಗಬೇಕು. ಗೂಡು ಕಟ್ಟಿದ ಮೇಲೆ ಬೇಡ, ಕೆಲವು ಜಂತು ಔಷಧಿಗಳು ಬೆಳೆಯುವ ಪುಕ್ಕವನ್ನು ಕೆಡಿಸುತ್ತವೆ. ಪ್ರಮಾಣವನ್ನು ಹಕ್ಕಿಯ ತೂಕದ ಮೇಲೆ ವೈದ್ಯರೇ ಹೇಳಬೇಕು. ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಕ್ಕಿ ನೋಡುವವರು ಸಿಗದಿದ್ದರೆ, ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಎರಡು–ಮೂರು ದಿನದ ಹಿಕ್ಕೆಯ ಮಾದರಿಯೊಂದಿಗೆ ಹೋದರೆ ಹುಳು, ಕಾಕ್ಸಿಡಿಯಾ (ಕರುಳಿನ ಸೂಕ್ಷ್ಮ ಪರಜೀವಿ) ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿಸಬಹುದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹಕ್ಕಿ ಸ್ವಲ್ಪ ಮಂಕಾದ ಕೂಡಲೇ ಕೋಳಿ ಔಷಧದ ಟೆಟ್ರಾಸೈಕ್ಲಿನ್ ಪುಡಿಯನ್ನು ನೀರಿಗೆ ಹಾಕುವ ರೂಢಿ ನಮ್ಮ ಕಡೆ ಬಹಳ. ಆ ಔಷಧಿ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಎರಡನ್ನೂ ಮೈಗೆ ಹತ್ತದಂತೆ ಮಾಡುತ್ತದೆ. ತತ್ತಿಗೆ ತಯಾರಾಗುತ್ತಿರುವ ಹೆಣ್ಣಿಗೆ ಅದನ್ನು ಸುಮ್ಮಸುಮ್ಮನೆ ಕುಡಿಸುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡಂತೆ. ಅಂಗಡಿಯಲ್ಲಿ ಸಿಗುವ ಬ್ರೀಡಿಂಗ್ ಪೌಡರುಗಳೂ ಬೇಕಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ನವಣೆ ತನ್ನಿ.

ಮೇವಿನ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು, ಹಕ್ಕಿಗೆ ಬೇಕಾದದ್ದೆಲ್ಲ ನಮ್ಮ ಹೊಲದಲ್ಲೇ ಬೆಳೆಯುತ್ತದೆ. ಆದರೆ ಕೊಡುವುದಕ್ಕೆ ಒಂದು ಕ್ರಮ ಇದೆ. ಮೊದಲ ನಾಲ್ಕು ವಾರ ಸಾದಾ ಊಟ: ನವಣೆ, ಸಜ್ಜೆ, ಬರಗು, ದಿನಕ್ಕೊಂದು ಹಿಡಿ ಸೊಪ್ಪು, ಅಷ್ಟೇ. ಸೂರ್ಯಕಾಂತಿ ಬೀಜ ನಿಲ್ಲಿಸಿ. ಕಾಕಟೀಲಿಗೆ ಮಾತ್ರ ಒಂದಿಷ್ಟು ಕುಸುಬಿ ಇರಲಿ. ಈ ನಾಲ್ಕು ವಾರದಲ್ಲಿ ಕೊಬ್ಬಿದವು ಇಳಿಯುತ್ತವೆ. ಬಡಕಲಾದವಕ್ಕೆ ಮಾತ್ರ ಮೊದಲಿನಿಂದಲೇ ಪುಷ್ಟಿ ಊಟ. ಗೂಡು ಕಟ್ಟುವುದಕ್ಕೆ ನಾಲ್ಕು ವಾರ ಇದೆ ಅನ್ನುವಾಗ ಹಕ್ಕಿಯ ಪಾಲಿಗೆ ಮಳೆ ಬಂದಂತೆ ಮಾಡಬೇಕು. ಊಟ ಒಮ್ಮೆಲೇ ಸಮೃದ್ಧವಾಗಬೇಕು. ಮೊಳಕೆ ಬಂದ ಹೆಸರು, ಮಡಕಿ, ಮೊಳಕೆ ಒಡೆದ ನವಣೆ ದಿನವೂ ಬೆಳಿಗ್ಗೆ. ವಾರಕ್ಕೆ ಎರಡು–ಮೂರು ಸಲ ಗಟ್ಟಿಯಾಗಿ ಬೇಯಿಸಿದ ಕೋಳಿ ತತ್ತಿಯನ್ನು ಚಿಪ್ಪಿನ ಸಮೇತ ಹಿಸುಕಿ ಕೊಡಿ, ಎರಡು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ. ಸೆಪ್ಟೆಂಬರಿನಲ್ಲಿ ಹೊಲದಲ್ಲಿ ಸಜ್ಜೆ ಹಾಲುಗಾಳಿನಲ್ಲಿದ್ದರೆ ಎರಡು ತೆನೆ ತಂದು ಕಟ್ಟಿ ನೋಡಿ. ಒಣ ಕಾಳಿನ ಮೇಲೆ ನಿಂತಿದ್ದ ಹಿಂಡು ಆ ತೆನೆಗೆ ಜೋತುಬಿದ್ದು ಚಿಲಿಪಿಲಿಗುಟ್ಟುವುದನ್ನು ಕಂಡಾಗ, ಅವುಗಳ ಮೂಲ ಊರಿನಲ್ಲಿ ಮಳೆ ಅಂದರೆ ಏನು ಅನ್ನುವುದು ನಿಮಗೇ ತಿಳಿಯುತ್ತದೆ. ಎರಡನೆಯ ಸುತ್ತಿನ ಮರಿಗಳಿಗೆ ಎಳ್ಳಮಾವಾಸ್ಯೆ ಆಸುಪಾಸಿನ ಜೋಳದ ಸೀತನಿ (ಎಳೆಗಾಳಿನ ತೆನೆ) ಒದಗುತ್ತದೆ. ಸುಡದೆ ಹಸಿಯಾಗಿಯೇ ಕೊಡಿ. ಕೀಟನಾಶಕದ ಎಣ್ಣೆ ಹೊಡೆದ ಹೊಲದ ತೆನೆಯನ್ನು ಮಾತ್ರ ಮುಟ್ಟಬೇಡಿ.

ಸೊಪ್ಪಿನಲ್ಲಿ ನುಗ್ಗೆ ಎಲ್ಲಕ್ಕಿಂತ ಮೇಲು. ಮೆಂತ್ಯ, ಕೊತ್ತಂಬರಿ ಆಗಬಹುದು. ಪಾಲಕ ಅಪರೂಪಕ್ಕೆ ಸಾಕು, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಮಾರುಕಟ್ಟೆಯ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು ಕೊಡಿ.

ಕಾಳು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಇಪ್ಪತ್ತು ಕಾಳನ್ನು ಹಸಿ ಬಟ್ಟೆಯಲ್ಲಿ ಕಟ್ಟಿಡಿ. ಮೂರು ದಿನದಲ್ಲಿ ಹೆಚ್ಚಿನವು ಮೊಳೆತರೆ ಕಾಳು ಜೀವಂತ ಇದೆ, ಅರ್ಧವೂ ಮೊಳೆಯದಿದ್ದರೆ ಆ ಚೀಲ ವಾಪಸ್ ಕೊಡಿ. ಮುಗ್ಗಲು ವಾಸನೆ ಬಂದ ಕಾಳನ್ನು ಬಿಸಿಲಿಗೆ ಹಾಕಿ ಸರಿಮಾಡುತ್ತೇನೆ ಅನ್ನಬೇಡಿ. ಬೂಷ್ಟು ಒಣಗಿದರೂ ಅದರ ವಿಷ ಕಾಳಿನಲ್ಲೇ ಉಳಿದು ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ. ಇನ್ನೊಂದು ಅಪಾಯ ನಮ್ಮಂಥ ಕೃಷಿ ಜಿಲ್ಲೆಗಳದ್ದೇ. ಬಿತ್ತನೆಗೆ ತಂದು ಉಳಿದ ಸಜ್ಜೆ, ಜೋಳವನ್ನು ಹಕ್ಕಿಗೆ ಹಾಕುವವರಿದ್ದಾರೆ. ಕೆಂಪು, ಗುಲಾಬಿ ಬಣ್ಣ ಬಳಿದ ಆ ಬೀಜಕ್ಕೆ ವಿಷ ಲೇಪಿಸಿರುತ್ತಾರೆ. ಎಷ್ಟು ತೊಳೆದರೂ ಅದು ಮೇವಾಗದು.

ಕ್ಯಾಲ್ಸಿಯಂಗೆ ಕಟಲ್ ಬೋನ್ (ಕಟಲ್ ಮೀನಿನ ಸುಣ್ಣದಂಥ ಒಳಚಿಪ್ಪು) ವರ್ಷಪೂರ್ತಿ ಜಾಳಿಗೆ ಕಟ್ಟಿರಲಿ. ಕೋಳಿ ತತ್ತಿಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಪುಡಿ ಮಾಡಿ ಒಂದು ಬಟ್ಟಲಲ್ಲಿಡಿ. ಇಷ್ಟೆಲ್ಲ ತಿಂದರೂ ಬಿಸಿಲಿಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ಡಿ ಜೀವಸತ್ವವನ್ನು ಹಕ್ಕಿಯ ಮೈ ಬಿಸಿಲಿನಲ್ಲೇ ತಯಾರಿಸಬೇಕು. ಗಾಜು, ಪ್ಲಾಸ್ಟಿಕ್ ಶೀಟಿನ ಮೂಲಕ ಬಂದ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣ ಇರುವುದಿಲ್ಲ. ಹಾಗಾಗಿ ಶೆಡ್ಡಿನ ಪೂರ್ವದ ಬದಿ ಬರಿ ಜಾಳಿಯಷ್ಟೇ ಇರಲಿ, ಬೆಳಗಿನ ಬಿಸಿಲು ಒಂದು ತಾಸು ನೇರವಾಗಿ ಕೂರುವ ಕೋಲಿನ ಮೇಲೆ ಬೀಳಲಿ, ಪಕ್ಕದಲ್ಲೇ ನೆರಳೂ ಇರಲಿ.

ಗಡಿಗೆಯೋ ಪೆಟ್ಟಿಗೆಯೋ ಅಂತ ಕೇಳಿದ್ದೀರಿ. ನನ್ನ ಮತ ಪೆಟ್ಟಿಗೆಗೆ. ಗಡಿಗೆಯಲ್ಲೂ ಮರಿ ಆಗುತ್ತವೆ, ಅದರ ತಳ ಗುಂಡಗಿರುವುದರಿಂದ ತತ್ತಿ ಉರುಳದೆ ಒಂದೆಡೆ ಇರುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಒಳಗೆ ಕಣ್ಣು ಹಾಯಿಸಲು ಆಗುವುದಿಲ್ಲ, ಸತ್ತ ಮರಿ ತೆಗೆಯಲು ಆಗುವುದಿಲ್ಲ, ಐದು ಮರಿ ಬೆಳೆದರೆ ಜಾಗ ಸಾಲುವುದಿಲ್ಲ. ಬಡಿಗನಿಗೆ ಅಳತೆ ಕೊಡಿ: ಬಡ್ಜಿಗೆ 9 ಇಂಚು ಉದ್ದ, 6 ಅಗಲ, 6 ಎತ್ತರ, ಒಂದೂವರೆ ಇಂಚಿನ ತೂತು. ಕಾಕಟೀಲಿಗೆ 12 ಇಂಚು ಚೌಕ, 14 ಎತ್ತರ, 3 ಇಂಚಿನ ತೂತು. ಮೇಲೆ ಅಥವಾ ಹಿಂದೆ ತೆರೆಯುವ ಬಾಗಿಲು. ಬಡ್ಜಿ ಪೆಟ್ಟಿಗೆಯ ತಳದಲ್ಲಿ, ತೂತಿನಿಂದ ದೂರದ ತುದಿಗೆ, ಅಂಗೈ ಅಗಲದ ತಗ್ಗು ಕೊರೆಸುವುದನ್ನು ಮರೆಯಬೇಡಿ. ಮಟ್ಟವಾದ ತಳದಲ್ಲಿ ಮರಿಯ ಕಾಲು ಎರಡೂ ಬದಿಗೆ ಚಾಚಿಕೊಂಡು, ಈಜುವ ಕಪ್ಪೆಯ ಹಾಗೆ, ಹಾಗೇ ಗಟ್ಟಿಯಾಗಿಬಿಡುತ್ತದೆ. ಬಡ್ಜಿಗೆ ಒಳಗೆ ಹಾಸಿಗೆ ಬೇಡ, ಕಾಕಟೀಲಿಗೆ ಎರಡು ಇಂಚು ದಪ್ಪ ಕಟ್ಟಿಗೆ ಹೊಟ್ಟು ಹಾಕಿ, ನುಣ್ಣನೆಯ ಗರಗಸದ ಪುಡಿ ಬೇಡ, ಮರಿಯ ಮೂಗಿಗೆ ಹೋಗುತ್ತದೆ. ಫಿಂಚಿಗೆ ಬೆತ್ತದ ಬುಟ್ಟಿ ಗೂಡು ಸಾಕು. ಒಣ ಹುಲ್ಲು, ಬೆರಳುದ್ದ ಕತ್ತರಿಸಿದ ತೆಂಗಿನ ನಾರು ಕೊಟ್ಟರೆ ತಾನೇ ಕಟ್ಟಿಕೊಳ್ಳುತ್ತದೆ. ಉದ್ದ ದಾರ, ಕೂದಲು ಕೊಡಬೇಡಿ, ಮರಿಯ ಕಾಲಿಗೆ ಸುತ್ತಿಕೊಂಡು ಕಾಲೇ ಉದುರಿದ್ದನ್ನು ನೋಡಿದ್ದೇನೆ. ಮೊದಲ ತತ್ತಿ ಕಂಡ ಕೂಡಲೇ ಹುಲ್ಲು ಹಾಕುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಅದು ತತ್ತಿಯ ಮೇಲೇ ಮತ್ತೊಂದು ಗೂಡು ಹಾಸುತ್ತದೆ.

ಹಳೆಯ ಗಡಿಗೆ, ಪೆಟ್ಟಿಗೆಗಳನ್ನು ಕುದಿಯುವ ನೀರು ಸುರಿದು ಉಜ್ಜಿ, ಎರಡು ದಿನ ಬಿಸಿಲಿಗೆ ಇಡಿ. ಕೆಂಪು ನುಸಿ ಹಗಲು ಕಟ್ಟಿಗೆಯ ಸಂದಿಯಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಎರಡು ತಾಸಿನ ಮೇಲೆ ಬಿಳಿ ಬಟ್ಟೆಯಿಂದ ಕೋಲುಗಳ ತುದಿ, ಜೋಡಣೆ ಒರೆಸಿ ನೋಡಿ. ಬಟ್ಟೆಯ ಮೇಲೆ ಕೆಂಪು ಗೀಟು ಬಿದ್ದರೆ ನುಸಿ ಇದೆ. ಅದಿದ್ದ ಗೂಡಿನಲ್ಲಿ ಮರಿಗಳು ರಕ್ತವಿಲ್ಲದೆ ಬಿಳಿಚಿಕೊಂಡು ಸಾಯುತ್ತವೆ.

ಹೊಸ ರಕ್ತ ಬೇಕೆಂದು ಹೊರಗಿನಿಂದ ಹಕ್ಕಿ ತರುವುದಿದ್ದರೆ ಈ ವಾರವೇ ತನ್ನಿ. ಕನಿಷ್ಠ ಒಂದು ತಿಂಗಳು ಅದನ್ನು ಶೆಡ್ಡಿನಿಂದ ದೂರ, ಬೇರೆ ಕೋಣೆಯಲ್ಲಿ ಇಡಬೇಕು. ಸಿಟಕೋಸಿಸ್ ಅನ್ನುವ ರೋಗ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಬರುತ್ತದೆ, ಜ್ವರ, ಒಣಕೆಮ್ಮಿನಿಂದ ಶುರುವಾಗಿ ನ್ಯುಮೋನಿಯಾಕ್ಕೆ ತಿರುಗಬಹುದು. ಗೂಡು, ನೆಲ ಒರೆಸುವಾಗ ಮೊದಲು ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಬಸುರಿ ಹೆಣ್ಣುಮಗಳು ಅಥವಾ ದಮ್ಮಿನ ಹಿರಿಯರಿದ್ದರೆ ಆ ಕೆಲಸ ಅವರಿಗೆ ಬೇಡ.

ವಯಸ್ಸು: ಬಡ್ಜಿಗೆ ಒಂದು ವರ್ಷ, ಕಾಕಟೀಲಿಗೆ ಒಂದೂವರೆ ವರ್ಷ, ಫಿಂಚಿಗೆ ಆರರಿಂದ ಒಂಬತ್ತು ತಿಂಗಳು ತುಂಬಿರಬೇಕು. ಫಿಂಚ್ ಮೂರೇ ತಿಂಗಳಿಗೆ ತತ್ತಿ ಇಡಬಲ್ಲದು, ಇಡಲು ಬಿಡುವುದು ನ್ಯಾಯವಲ್ಲ. ಒಡಹುಟ್ಟಿದವುಗಳನ್ನು ಜೋಡಿ ಮಾಡಬೇಡಿ. ಫಿಂಚಿನಲ್ಲಿ ಜುಟ್ಟಿನದಕ್ಕೆ ಜುಟ್ಟಿನದನ್ನು ಜೋಡಿಸಬೇಡಿ, ಕಾಲುಭಾಗ ಮರಿಗಳು ತತ್ತಿಯಲ್ಲೇ ಹೋಗುತ್ತವೆ.

ಎಂಟನೆಯ ವಾರಕ್ಕೆ ಹಕ್ಕಿಗಳೇ ಹೇಳುತ್ತವೆ. ಗಂಡಿನ ಮೂಗು ಹೊಳಪು ನೀಲಿಯಾಗಿ, ಕಣ್ಣಪಾಪೆ ಚಿಕ್ಕದು ದೊಡ್ಡದು ಆಗುತ್ತಾ, ಕೋಲನ್ನು ಕೊಕ್ಕಿನಿಂದ ಕುಟ್ಟುತ್ತದೆ. ಹೆಣ್ಣಿನ ಮೂಗು ಗಾಢ ಕಂದಾಗಿ ಒರಟಾಗುತ್ತದೆ, ಕಂಡ ಕಟ್ಟಿಗೆಯನ್ನೆಲ್ಲ ಕಡಿಯುತ್ತದೆ. ಮೂಗು ಇನ್ನೂ ಬಿಳಿಚಾಗಿಯೇ ಇರುವ ಹೆಣ್ಣನ್ನು ಈ ಸಲ ಬಿಟ್ಟುಬಿಡಿ. ಜೋಡಿಗಳನ್ನು ಒಟ್ಟಿಗೆ ಬಿಟ್ಟು ಒಂದು ವಾರ ಕಳೆದ ಮೇಲೆ ಪೆಟ್ಟಿಗೆ ಕಟ್ಟಿ. ಆರು ಜೋಡಿಗೆ ಒಂಬತ್ತು ಪೆಟ್ಟಿಗೆಯಾದರೂ ಇರಲಿ, ಎಲ್ಲವೂ ಒಂದೇ ಎತ್ತರದಲ್ಲಿ, ಎಲ್ಲವೂ ಒಂದೇ ದಿನ. ಮೇಲೊಂದು ಕೆಳಗೊಂದು ಕಟ್ಟಿದರೆ ಮೇಲಿನದಕ್ಕೇ ಎಲ್ಲ ಹೆಣ್ಣುಗಳ ಹೊಡೆದಾಟ. ಗೋಡೆಗೆ ತಾಗದಂತೆ ತಂತಿಯಲ್ಲಿ ತೂಗಿಬಿಟ್ಟು, ತಂತಿಗೆ ಗ್ರೀಸ್ ಸವರಿ. ಇರುವೆ ಒಂದು ರಾತ್ರಿಯಲ್ಲಿ ಎಳೆಮರಿಗಳನ್ನು ಮುಗಿಸಿಬಿಡುತ್ತದೆ.

ನಮ್ಮಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ. ಮರಿಗೆ ಗುಟುಕು ಕೊಡುವ ಜೋಡಿಗೆ ಇನ್ನೊಂದು ಗಂಟೆ ಬೆಳಕು ಸಿಕ್ಕರೆ ಅನುಕೂಲ. ಆ ಬಲ್ಬನ್ನು ಸಂಜೆ ಬದಲು ಬೆಳಗಿನ ಜಾವ ಹಚ್ಚಿ. ಸಂಜೆ ಹಚ್ಚಿದ ಬಲ್ಬು ಕರೆಂಟ್ ಹೋಗಿ ಪಕ್ಕನೆ ಆರಿದರೆ ಹೊರಗಿದ್ದ ತಾಯಿಗೆ ಕತ್ತಲಲ್ಲಿ ಗೂಡಿನ ದಾರಿ ಕಾಣುವುದಿಲ್ಲ, ರಾತ್ರಿಯೆಲ್ಲ ತತ್ತಿ ತಣ್ಣಗಾಗುತ್ತದೆ. ಉತ್ತರ, ಪೂರ್ವದಿಂದ ಬರುವ ರಾತ್ರಿ ಗಾಳಿಗೆ ತಾಡಪತ್ರಿ ಇಳಿಬಿಡಿ, ಬೆಳಿಗ್ಗೆ ಸುತ್ತಿಬಿಡಿ. ಬೀದರಿನವರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಚಳಿ ಹೆಚ್ಚಾದ ರಾತ್ರಿಗಳಲ್ಲಿ ತತ್ತಿ ಸಿಕ್ಕಿಕೊಳ್ಳುವ ಪ್ರಕರಣಗಳೂ ಹೆಚ್ಚು. ಹಗಲು ಅಗಲ ತಟ್ಟೆಯಲ್ಲಿ ಅರ್ಧ ಇಂಚು ನೀರು ಇಡಿ. ಒಣ ಹವೆಯಲ್ಲಿ ತಾಯಿ ಮಿಂದು, ಪುಕ್ಕದ ತೇವದೊಡನೆ ಹೋಗಿ ಕೂತರೆ ತತ್ತಿ ಒಣಗುವುದಿಲ್ಲ.

ಹೆಣ್ಣೊಂದು ಪುಕ್ಕ ಉಬ್ಬಿಸಿ ನೆಲದ ಮೇಲೆ ಕೂತು, ಬಾಲ ಜಗ್ಗುತ್ತಾ ತಿಣುಕುತ್ತಿದ್ದರೆ ತತ್ತಿ ಸಿಕ್ಕಿಕೊಂಡಿದೆ ಅಂತಲೇ ತಿಳಿಯಿರಿ. ಸಣ್ಣ ಪೆಟ್ಟಿಗೆಯಲ್ಲಿಟ್ಟು, ಬಲ್ಬಿನ ಶಾಖದಿಂದ ಒಳಗೆ 30 ಡಿಗ್ರಿ ದಾಟುವಂತೆ ಮಾಡಿ, ಪಕ್ಕದಲ್ಲಿ ಬಿಸಿನೀರಿನ ಬಟ್ಟಲಿಟ್ಟು ಹವೆ ತೇವಗೊಳಿಸಿ, ಕೂಡಲೇ ವೈದ್ಯರ ಬಳಿ ಒಯ್ಯಿರಿ. ಕ್ಯಾಲ್ಸಿಯಂ ಚುಚ್ಚುಮದ್ದಿನಿಂದ ಎಷ್ಟೋ ಹಕ್ಕಿಗಳು ಉಳಿಯುತ್ತವೆ. ಎಣ್ಣೆ ಬಿಟ್ಟು ಒತ್ತಿ ತೆಗೆಯಲು ಹೋಗಬೇಡಿ, ತತ್ತಿ ಒಳಗೆ ಒಡೆದರೆ ಹಕ್ಕಿ ಉಳಿಯುವುದು ಬಹಳ ಕಷ್ಟ.

ಊರ ಗಿಳಿಗಳಿಗೆ ಗೂಡು ಇಡುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ನಾಡಿನ ಗಿಳಿ, ಮುನಿಯಾ ಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಅಪರಾಧ. ಯಾರೋ ಕೊಟ್ಟರು, ಬಹಳ ವರ್ಷದಿಂದ ಇವೆ ಅನ್ನುವುದು ನೆಪವಾಗುವುದಿಲ್ಲ. ನೀವಾಗಿಯೇ ಬಿಟ್ಟುಬಿಡುವುದೂ ಬೇಡ. ಪಂಜರದಲ್ಲಿ ಬೆಳೆದ ಗಿಳಿಗೆ ಹೊರಗೆ ಮೇವು ಹುಡುಕಲು ಬಾರದು, ಹದ್ದು ಬೆಕ್ಕಿನ ಪಾಲಾಗುತ್ತದೆ. ಕಲಬುರಗಿಯ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ ಒಪ್ಪಿಸಿ, ಮುಂದಿನದನ್ನು ಅವರು ನೋಡುತ್ತಾರೆ. ಬಡ್ಜಿ, ಕಾಕಟೀಲ್, ಜೀಬ್ರಾ ಫಿಂಚ್ ಸಾಕಲು ಈ ತೊಡಕಿಲ್ಲ. ಮುಂದೆ ಫಿಶರ್ಸ್ ಲವ್ ಬರ್ಡ್, ಕೊನ್ಯೂರ್, ಮಕಾವ್‌ನಂಥವನ್ನು ತರುವ ಆಸೆಯಿದ್ದರೆ, ಅವು ಅಂತರರಾಷ್ಟ್ರೀಯ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿರುವ ಹಕ್ಕಿಗಳು. 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಣಿ ಮಾಡಿಸಬೇಕು, ಅವುಗಳ ಮರಿಗಳಿಗೂ ಇದು ಅನ್ವಯ. ಮಾರುವವರ ಬಳಿ ಕಾಗದಪತ್ರ ಇದೆಯೇ ಎಂದು ಕೇಳಿಯೇ ದುಡ್ಡು ಕೊಡಿ.